ಆಫ್ರಿಕಾ ಖಂಡದ ಲೇಖಕಿಯರೂ ಅವರ ಜೀವನೋಪಾಯವೂ

ಮಗಳು ಕತೆ ಬರೆಯುತ್ತಾಳೆಂದು ಕೇಳಿ ಸಂತೋಷಪಡುವ ತಾಯ್ತಂದೆಗಳು, ಅದರಿಂದಲೇ ಹೊಟ್ಟೆ ಹೊರೆಯುವೆನೆಂದು ಅವಳು ಹೇಳಿದ ಕೂಡಲೆ ಚಿಂತಾಕ್ರಾಂತರಾಗುವುದುಂಟು. ಈ ಚಿಂತೆಯು ಅಕಾರಣವೆಂದು ನಾವು ಹೇಳಲಾರೆವು. ಆಫ್ರಿಕಾ ಖಂಡದಲ್ಲಿಯೂ ಮನೆಮನೆಗಳಲ್ಲಿ ಇದೇ ಮಾತು. ಆದರೂ ಅಲ್ಲಿಯ ಕೆಲವು ಹೆಂಗಸರು ಲೇಖನವೃತ್ತಿಯಲ್ಲಿ ನೆಲೆಗೊಂಡಿದ್ದಾರೆ. ಅದು ಹೇಗೆ ಸಾಧ್ಯವಾಯಿತೆಂಬುದನ್ನು ಇಲ್ಲಿ ವಿಚಾರಿಸೋಣ.

ಅವರಲ್ಲೊಬ್ಬಳು ನಮ್ಮದರಂತಹ ಶಾಲೆಯಲ್ಲಿಯೇ ಓದಿದವಳು. ಬೂಚಿ ಎಮೆಚೆಟಾ ಎಂಬಾಕೆಯು 1944ರಲ್ಲಿ ನೈಜೀರಿಯಾ ದೇಶದ ಲೇಗೋಸ್ ಪಟ್ಟಣದಲ್ಲಿ ಹುಟ್ಟಿದಳು. ಎಳೆಯ ಪ್ರಾಯದಲ್ಲಿಯೇ ತಂದೆಯನ್ನು ಕಳಕೊಂಡ ಈ ಹುಡುಗಿಯು ವಿದ್ಯಾರ್ಥಿವೇತನವನ್ನು ಗಳಿಸಿ ಅಲ್ಲಿಯ ಮೆಥಡಿಸ್ಟ್ ಹೆಣ್ಣುಮಕ್ಕಳ ಹೈಸ್ಕೂಲನ್ನು ಸೇರಿದಳು. ಹದಿನಾರನೆಯ ವಯಸ್ಸಿಗೆ ವಿವಾಹವಾಯಿತು. 1962ರಲ್ಲಿ ಗಂಡನಿದ್ದ ಲಂಡನಿಗೆ ಹೋದಳು. ಅಲ್ಲಿ ಆಕೆಯು ಬರೆದ ಮೊದಲನೆಯ ಕಾದಂಬರಿಯ ಹಸ್ತಪ್ರತಿಯನ್ನು ಗಂಡನು ಸುಟ್ಟುಬಿಟ್ಟನು. ಇಪ್ಪತ್ತೆರಡನೆಯ ವಯಸ್ಸಿನಲ್ಲಿ ಐದು ಮಕ್ಕಳ ಭಾರವನ್ನು ಒಬ್ಬಳೇ ಹೊತ್ತು ಅವನಿಂದ ಬೇರೆಯಾದಳು.

ಇಲ್ಲಿಂದ ಮುಂದಿನದನ್ನು ತಾಯ್ತಂದೆಗಳು ಗಮನವಿಟ್ಟು ನೋಡಬೇಕು. ಆಕೆಯು ಲೇಖನಿಯೊಂದನ್ನೇ ನೆಚ್ಚಿ ಕುಳಿತುಕೊಳ್ಳಲಿಲ್ಲ. ಬ್ರಿಟಿಷ್ ಮ್ಯೂಸಿಯಮಿನ ಪುಸ್ತಕಾಲಯದಲ್ಲಿ ನೌಕರಿ ಮಾಡಿದಳು. ಬಳಿಕ ಬಡವರ ಮಕ್ಕಳ ನಡುವೆ ಸಮಾಜಸೇವೆಯ ಉದ್ಯೋಗವನ್ನು ಹಿಡಿದಳು. ಇದರ ಸಂಗಡ ಲಂಡನ್ ವಿಶ್ವವಿದ್ಯಾಲಯದಲ್ಲಿ ಸಮಾಜಶಾಸ್ತ್ರವನ್ನು ಓದಿ ಪದವಿಯನ್ನು ಪಡೆದಳು. ಬರವಣಿಗೆಗೆ ಉಳಿದದ್ದು ಮಕ್ಕಳು ಏಳುವುದಕ್ಕೆ ಮುಂಚಿನ ನಸುಕಿನ ಹೊತ್ತು ಮಾತ್ರ. ತನ್ನ ಬಡತನದ ಬಾಳನ್ನೇ ಕುರಿತು ನ್ಯೂ ಸ್ಟೇಟ್ಸ್‌ಮನ್ ಎಂಬ ವಾರಪತ್ರಿಕೆಗೆ ಬರೆದುದು 1972ರಲ್ಲಿ ಪುಸ್ತಕವಾಗಿ ಹೊರಟಿತು. ಸುಟ್ಟುಹೋದ ಕಾದಂಬರಿಯನ್ನು ಪುನಃ ಬರೆದಳು. ಅದು 1976ರಲ್ಲಿ ಪ್ರಕಟವಾಯಿತು. ಕಾದಂಬರಿಗಳಲ್ಲದೆ ಮಕ್ಕಳ ಕತೆ, ಟೆಲಿವಿಷನ್ ನಾಟಕ, ಕಾಲೇಜುಗಳಲ್ಲಿ ಉಪನ್ಯಾಸ, ಯಾವುದನ್ನೂ ಕೀಳೆಂದು ಎಣಿಸಲಿಲ್ಲ. 2017ರಲ್ಲಿ ತೀರಿಕೊಳ್ಳುವಾಗ ಸುಮಾರು ಇಪ್ಪತ್ತು ಪುಸ್ತಕಗಳನ್ನು ಬಿಟ್ಟುಹೋದಳು.

ಒಂದೇ ಪುಸ್ತಕದಿಂದ ಸಂಸಾರ ಸಾಗದೋ ಎಂದು ಕೇಳುವವರಿದ್ದಾರೆ. ಪುಸ್ತಕದ ಬೆಲೆಯಲ್ಲಿ ಬರೆದವರಿಗೆ ಸಲ್ಲುವ ಪಾಲು ಎಲ್ಲ ಕಡೆಯೂ ಅಲ್ಪವೇ. ಇದಲ್ಲದೆ ಆಫ್ರಿಕಾದಲ್ಲಿ ಪುಸ್ತಕಗಳನ್ನು ಹೆಚ್ಚಾಗಿ ಕೊಳ್ಳುತ್ತಿದ್ದುದು ಶಾಲೆಗಳು. ಲಂಡನಿನ ಹೈನಮನ್ ಕಂಪೆನಿಯು 1962ರಲ್ಲಿ ಆರಂಭಿಸಿದ ಆಫ್ರಿಕನ್ ಲೇಖಕರ ಗ್ರಂಥಮಾಲೆಯು ಪಠ್ಯಪುಸ್ತಕಗಳ ಬಲದಿಂದ ಬೆಳೆಯಿತು. 1980ರ ದಶಕದಲ್ಲಿ ನೈಜೀರಿಯಾದಲ್ಲಿ ವಿದೇಶೀ ಹಣದ ಅಭಾವವುಂಟಾದಾಗ ಪರದೇಶದಿಂದ ಪುಸ್ತಕ ತರಿಸುವುದು ದುಸ್ತರವಾಯಿತು, ಮಾಲೆಯೂ ಸೊರಗಿತು.

ಆ ಮಾಲೆಯಲ್ಲಿ ಮೊದಲು ಸ್ಥಾನ ಪಡೆದ ಹೆಂಗಸು ಫ್ಲೋರಾ ನ್ವಾಪಾ. ಆಕೆಯ 'ಎಫೂರೂ' ಎಂಬ ಕಾದಂಬರಿಯು 1966ರಲ್ಲಿ ಪ್ರಕಟವಾಯಿತು. ಈಕೆಯು ಉಪಾಧ್ಯಾಯಿನಿಯಾಗಿಯೂ ಸರಕಾರದ ಅಧಿಕಾರಿಯಾಗಿಯೂ ಇದ್ದವಳು. ಲಂಡನಿನವರ ಕೈ ನೋಡುತ್ತಿರಲಾರೆನೆಂದು 1970ರ ದಶಕದಲ್ಲಿ ತಾನಾ ಪ್ರೆಸ್ ಎಂಬ ಸ್ವಂತ ಪ್ರಕಾಶನವನ್ನು ಸ್ಥಾಪಿಸಿ ತನ್ನ ಗ್ರಂಥಗಳನ್ನೂ ಮಕ್ಕಳ ಪುಸ್ತಕಗಳನ್ನೂ ಹೊರತಂದಳು. (ಅಚ್ಚುಹಾಕಿಸುವ ಕಷ್ಟಕ್ಕಿಂತ ಮಾರುವ ಕಷ್ಟವು ದೊಡ್ಡದೆಂಬುದನ್ನು ಇಂತಹ ಸಂಚಿಕೆಯನ್ನು ಹೊರಡಿಸಿದವರಿಗೆ ನಾವು ಹೇಳಬೇಕಾಗಿಲ್ಲ.)

ಇನ್ನು ಬಹುಮಾನಗಳು. ಆಫ್ರಿಕಾದ ಸಣ್ಣಕತೆಗಳಿಗಾಗಿ 2000ದಲ್ಲಿ ಏರ್ಪಟ್ಟ ಕೇನ್ ಬಹುಮಾನವು ಹತ್ತು ಸಾವಿರ ಪೌಂಡುಗಳದು. 2002ರಲ್ಲಿ ಅದನ್ನು ಗೆದ್ದ ಕೆನ್ಯಾದ ಬಿನ್ಯವಾಂಗ ವೈನೈನನು ಮರುವರುಷವೇ ನೈರೋಬಿಯಲ್ಲಿ 'ಕ್ವಾನಿ' ಎಂಬ ಪತ್ರಿಕೆಯನ್ನು ಹುಟ್ಟಿಸಿದನು. ಆ ಸಂಸ್ಥೆಯು ನಡೆಸಿದ ಹಸ್ತಪ್ರತಿಗಳ ಸ್ಪರ್ಧೆಯಲ್ಲಿ 2013ರಲ್ಲಿ ಗೆದ್ದವಳು ಯುಗಾಂಡದ ಜೆನ್ನಿಫರ್ ಮಕುಂಬಿ. ತೀರ ಆಫ್ರಿಕನ್ ಆಗಿದೆಯೆಂದು ಬ್ರಿಟನಿನ ಪ್ರಕಾಶಕರು ಹಿಂದಿರುಗಿಸಿದ್ದ ಆಕೆಯ ಕಾದಂಬರಿಯನ್ನು ಕ್ವಾನಿಯವರು 2014ರಲ್ಲಿ ಮುದ್ರಿಸಿದರು. 2018ರಲ್ಲಿ ಅಮೆರಿಕದ ವಿಂಡಮ್-ಕ್ಯಾಂಬೆಲ್ ಬಹುಮಾನದಿಂದ 1,65,000 ಡಾಲರುಗಳು ಆಕೆಗೆ ದೊರೆತುವು. ಅಷ್ಟು ಹೊತ್ತಿಗೆ ಆಕೆಗೆ ಸುಮಾರು ಐವತ್ತು ವರುಷ. ಅದರ ಹಿಂದಿನ ವರುಷಗಳನ್ನು ಬಹುಮಾನವು ಪೋಷಿಸಿರಲಿಲ್ಲ.

ನಮ್ಮ ಹಳೆಯ ವಿದ್ಯಾರ್ಥಿನಿಯರಿಗೆ ಇನ್ನೊಂದು ಸಂಗತಿಯು ರುಚಿಸೀತು. ಕಂಪಾಲಾ ನಗರದ ಲೇಖಕಿಯರು 1990ರ ದಶಕದ ಮಧ್ಯದಲ್ಲಿ 'ಫೆಮ್‌ರೈಟ್' ಎಂಬ ಸಂಘವನ್ನು ಕಟ್ಟಿದರು. ಸೋಮವಾರಗಳಲ್ಲಿ ಕೂಡಿ ಬರೆದುದನ್ನು ಓದಿ ತಿದ್ದುವುದು, ಹೆಂಗಸರ ಪುಸ್ತಕಗಳನ್ನು ತಾವೇ ಪ್ರಕಟಿಸುವುದು ಇದರ ಕೆಲಸ. ಈ ಸಂಘದ ಮೋನಿಕಾ ಅರಾಕ್ ಡಿ ನ್ಯೆಕೋ ಎಂಬಾಕೆಯು 2007ರಲ್ಲಿ ಕೇನ್ ಬಹುಮಾನವನ್ನು ಪಡೆದಳು.