‘ಮೈಂಡ್’ ಎಂದರೆ ಮನಸ್ಸೇ?



ನಿಮ್ಮ ಇಂಗ್ಲಿಷ್ ಉತ್ತರ ಪತ್ರಿಕೆಗಳನ್ನು ತಿದ್ದುವಾಗ ನಾನು ಕೆಂಪು ಗೆರೆ ಎಳೆಯುವ ಪದಗಳಲ್ಲಿ ‘ಮೈಂಡ್’ ಒಂದು. ನಿಘಂಟಿನಲ್ಲಿ ಅದರ ಎದುರು ‘ಮನಸ್ಸು’ ಎಂದಿರುತ್ತದೆ. ಹಾಗಾಗಿ ಮನಸ್ಸು ಬಂದಲ್ಲೆಲ್ಲ ನೀವು ಮೈಂಡ್ ಬರೆಯುತ್ತೀರಿ. ತೊಡಕು ಇರುವುದು ಅಲ್ಲೇ.

ಕನ್ನಡದ ಮನಸ್ಸು ಯೋಚಿಸುತ್ತದೆ, ನೋಯುತ್ತದೆ, ಕರಗುತ್ತದೆ. ಇಂಗ್ಲಿಷ್ ಈ ಕೆಲಸವನ್ನು ಹೆಚ್ಚಾಗಿ ಇಬ್ಬರಿಗೆ ಹಂಚಿದೆ. ಯೋಚನೆ, ನೆನಪು, ನಿರ್ಧಾರ ಮೈಂಡ್‌ಗೆ. ಪ್ರೀತಿ, ಕರುಣೆ ಹಾರ್ಟ್‌ಗೆ. ‘ಅವಳ ಮನಸ್ಸು ಒಳ್ಳೆಯದು’ ಎನ್ನಲು ‘ಶೀ ಹ್ಯಾಸ್ ಎ ಗುಡ್ ಹಾರ್ಟ್’ ಎನ್ನಬೇಕು. ‘ಗುಡ್ ಮೈಂಡ್’ ಎಂದರೆ ಅವಳು ಬುದ್ಧಿವಂತೆ ಎಂದಾಗುತ್ತದೆ. ಮನೆಯಲ್ಲಿ ಉರ್ದು ಮಾತಾಡುವವರಿಗೆ ಇದು ಸುಲಭ: ಹಾರ್ಟ್ ಎಂದರೆ ದಿಲ್, ಮೈಂಡ್ ಎಂದರೆ ದಿಮಾಗ್.

ದಿನಬಳಕೆಯ ಕೆಲವು ಮಾತುಗಳನ್ನು ನೋಡೋಣ.

ಮೇಕ್ ಅಪ್ ಯುವರ್ ಮೈಂಡ್: ನಿರ್ಧಾರ ಮಾಡು. ನಮ್ಮ ‘ಮನಸ್ಸು ಮಾಡು’ ಇದಕ್ಕೆ ಹತ್ತಿರ.

ಇಟ್ ಸ್ಲಿಪ್ಡ್ ಮೈ ಮೈಂಡ್: ನನಗೆ ಮರೆತೇ ಹೋಯಿತು. ಹಳೆಯ ಇಂಗ್ಲಿಷ್‌ನಲ್ಲಿ ಮೈಂಡ್‌ಗೆ ‘ನೆನಪು’ ಎಂಬ ಅರ್ಥವಿತ್ತು. ‘ರಿಮೈಂಡ್’ ಪದದಲ್ಲಿ ಅದು ಇಂದಿಗೂ ಉಳಿದಿದೆ.

ಪ್ರೆಸೆನ್ಸ್ ಆಫ್ ಮೈಂಡ್: ಸಮಯಸ್ಫೂರ್ತಿ.

ಮೈಂಡ್ ದ ಸ್ಟೆಪ್: ಮೆಟ್ಟಿಲಿದೆ, ಜೋಪಾನ.

ಡು ಯೂ ಮೈಂಡ್ ಇಫ್ ಐ ಸಿಟ್ ಹಿಯರ್: ನಾನಿಲ್ಲಿ ಕುಳಿತರೆ ನಿಮಗೆ ತೊಂದರೆಯೇ? ಇಲ್ಲಿ ‘ಯೆಸ್’ ಎಂದರೆ ‘ಹೌದು, ತೊಂದರೆ’ ಎಂದಾಗುತ್ತದೆ. ಕೂರಿಸಿಕೊಳ್ಳುವ ಇಚ್ಛೆಯಿದ್ದರೆ ‘ನಾಟ್ ಅಟ್ ಆಲ್’ ಎನ್ನಿ.

ಇನ್ನೊಂದು ಪದವಿದೆ. ಅದು ಉತ್ತರ ಪತ್ರಿಕೆಗಿಂತ ಹೆಚ್ಚಾಗಿ ಕಾರಿಡಾರಿನಲ್ಲಿ ನನ್ನ ಕಿವಿಗೆ ಬೀಳುತ್ತದೆ: ‘ಮೆಂಟಲ್’. ‘ಅವನೊಬ್ಬ ಮೆಂಟಲ್’ ಎಂದು ನಗುತ್ತೀರಿ. ಈ ಪದದ ಅರ್ಥ ‘ಮನಸ್ಸಿಗೆ ಸಂಬಂಧಿಸಿದ’ ಎಂದಷ್ಟೇ. ಕಾಗದವಿಲ್ಲದೆ ಲೆಕ್ಕ ಮಾಡುವುದು ‘ಮೆಂಟಲ್ ಅರಿತ್‌ಮೆಟಿಕ್’. ಮೈಂಡ್, ಮೆಂಟಲ್, ಮನಸ್ಸು ಮೂರೂ ಭಾಷಾವಿಜ್ಞಾನದ ಪ್ರಕಾರ ಒಂದೇ ಬೇರಿನವು. ಅದನ್ನು ಬೈಗುಳ ಮಾಡಿದವರು ನಾವು.

ಬೆಂಗಳೂರಿನ ನಿಮ್ಹಾನ್ಸ್‌ನ ಹಿಂದಿನ ರೂಪವಾದ ಆಸ್ಪತ್ರೆಯನ್ನು ಒಂದು ಕಾಲದಲ್ಲಿ ‘ಲುನಾಟಿಕ್ ಅಸೈಲಮ್’, ಅಂದರೆ ಹುಚ್ಚಾಸ್ಪತ್ರೆ ಎನ್ನುತ್ತಿದ್ದರು. 1925ರಲ್ಲಿ ಅದು ‘ಮೆಂಟಲ್ ಹಾಸ್ಪಿಟಲ್’ ಆಯಿತು. ಹಳೆಯ ಹೆಸರಿನ ಅವಮಾನವನ್ನು ತೊಡೆಯಲು ಬಂದ ಪದವನ್ನೇ ನಾವಿಂದು ಅವಮಾನಕ್ಕೆ ಬಳಸುತ್ತಿದ್ದೇವೆ.

‘ಡಿಪ್ರೆಷನ್’ ಪದದ ಕಥೆ ಇದಕ್ಕೆ ಉಲ್ಟಾ. ಅಂಕ ಕಡಿಮೆ ಬಂದ ಸಂಜೆಯ ಬೇಸರಕ್ಕೂ ಅದೇ ಪದ ಬಳಸುತ್ತೇವೆ. ವೈದ್ಯರ ಪ್ರಕಾರ ಕನಿಷ್ಠ ಎರಡು ವಾರ ಬಿಡದೆ ಕಾಡುವ ದುಃಖ, ಯಾವುದರಲ್ಲೂ ಆಸಕ್ತಿಯಿಲ್ಲದಿರುವುದು, ನಿದ್ದೆ ಮತ್ತು ಹಸಿವು ಕೆಡುವುದು ಖಿನ್ನತೆಯ ಲಕ್ಷಣಗಳು. ಅದು ಕಾಯಿಲೆ, ಚಿಕಿತ್ಸೆಯೂ ಇದೆ. ಎಲ್ಲ ಬೇಸರವನ್ನೂ ಡಿಪ್ರೆಷನ್ ಎಂದರೆ, ನಿಜವಾಗಿ ಬಳಲುವ ಗೆಳತಿ ಆ ಪದ ಹೇಳಿದಾಗ ನಾವು ಕಿವಿಗೊಡುವುದಿಲ್ಲ. ‘ಮೆಂಟಲ್’ ಎಂದು ನಗುವ ತರಗತಿಯಲ್ಲಿ ಅವಳು ಬಾಯಿ ಬಿಡುವುದೂ ಇಲ್ಲ.

ಅಂಥವರು ಉಪನ್ಯಾಸಕರಲ್ಲಿ ಯಾರೊಡನೆಯಾದರೂ ಮಾತಾಡಬಹುದು. ಕೇಂದ್ರ ಸರ್ಕಾರ 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲು ರಾತ್ರಿ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಹೇಳಿಕೊಳ್ಳಬಹುದು.

ಈಗ ಅಭ್ಯಾಸ. ಈ ಮೂರು ವಾಕ್ಯಗಳನ್ನು ಇಂಗ್ಲಿಷ್‌ಗೆ ತನ್ನಿ. ಎಲ್ಲಿ ಮೈಂಡ್ ಬೇಕು, ಎಲ್ಲಿ ಬೇಡ ಎಂದು ಯೋಚಿಸಿ ಬರೆಯಿರಿ:

1. ನಾನು ಮನಸ್ಸು ಬದಲಾಯಿಸಿದೆ.
2. ನಿನ್ನ ಮಾತಿನಿಂದ ನನ್ನ ಮನಸ್ಸಿಗೆ ನೋವಾಯಿತು.
3. ಈ ಮಾತು ಮನಸ್ಸಿನಲ್ಲಿರಲಿ.