ಕಾರ್ ಶೆಡ್ಡಿನ ಬೀಗ ಒಡೆದಿದ್ದರೆ: ಮಾಡಬೇಕಾದ್ದು, ಮಾಡಬಾರದ್ದು

ಜಯನಗರ, ಜೆ.ಪಿ. ನಗರ, ಬನಶಂಕರಿ, ಬಿಟಿಎಂ ಲೇಔಟ್ ನಿವಾಸಿಗಳ ಗಮನಕ್ಕೆ

ಬೆಳಿಗ್ಗೆ ಎದ್ದು ಬಾಗಿಲು ತೆಗೆದರೆ ಶೆಡ್ಡಿನ ಕೊಂಡಿ ಕಿತ್ತು ನೇತಾಡುತ್ತಿದೆ. ಒಳಗೆ ಮಗುವಿನ ಸೈಕಲ್ಲಿಲ್ಲ, ಯುಪಿಎಸ್ ಬ್ಯಾಟರಿ ಇಲ್ಲ, ತುಂಬಿದ ಸಿಲಿಂಡರ್ ಇಲ್ಲ. ಆ ಹೊತ್ತಿಗೆ ಯಾರಿಗೂ ತಲೆ ಓಡುವುದಿಲ್ಲ. ಹಾಗಾಗಿ ಇದನ್ನು ಈಗಲೇ ಓದಿ, ಮನೆಯವರಿಗೆಲ್ಲ ಓದಿಸಿ.

ಮೊದಲ ಗಂಟೆ

ನೀರು ಹಾಕಬೇಡಿ. ಗುಡಿಸಬೇಡಿ. ರಂಗೋಲಿ ಅಂದು ತಡವಾಗಲಿ.

ಇದನ್ನು ಎಲ್ಲಕ್ಕಿಂತ ಮೊದಲು ಹೇಳಲು ಕಾರಣವಿದೆ. ನಮ್ಮ ಮನೆಯಲ್ಲಿ ಕಳ್ಳತನವಾದ ದಿನ ಅಮ್ಮ ಎಂದಿನಂತೆ ಐದೂವರೆಗೆ ಎದ್ದರು. ಗೇಟಿನಿಂದ ಶೆಡ್ಡಿನ ಹೊಸ್ತಿಲವರೆಗೆ ಎರಡು ಬಕೆಟ್ ನೀರು ಚೆಲ್ಲಿ, ಪೊರಕೆಯಲ್ಲಿ ತಳ್ಳಿ, ರಂಗೋಲಿ ಎಳೆದು ಮುಗಿಸಿ ತಲೆ ಎತ್ತಿದಾಗಲೇ ಮುರಿದ ಕೊಂಡಿ ಕಂಡದ್ದು. ಹೊಸ್ತಿಲ ಒಳಗಿನ ಧೂಳಿನಲ್ಲಿ ಒಂದು ಚಪ್ಪಲಿಯ ಗುರುತು ಉಳಿದಿತ್ತು, ಅದೂ ಬೆರಳಿನ ಕಡೆಯ ಅರ್ಧ ಮಾತ್ರ. ಹಿಮ್ಮಡಿಯ ಅರ್ಧ ನೀರಿನ ಜೊತೆ ಚರಂಡಿಗೆ ಹೋಗಿತ್ತು. ಬಂದ ಪೊಲೀಸರು ಅದನ್ನು ನೋಡಿ ಸುಮ್ಮನೆ ನಿಂತರು. ಅಮ್ಮನಿಗೆ ಆದ ಸಂಕಟ ಹೇಳತೀರದು.

ಕತ್ತಲಿರುವಾಗಲೇ ಗೊತ್ತಾದರೆ ಒಬ್ಬರೇ ಶೆಡ್ಡಿನೊಳಗೆ ನುಗ್ಗಬೇಡಿ. ಒಳಗಿನಿಂದಲೇ ಮನೆಯ ಎಲ್ಲ ದೀಪ ಹಾಕಿ, ಗಟ್ಟಿಯಾಗಿ ಕೂಗಿ, 112ಕ್ಕೆ ಫೋನ್ ಮಾಡಿ. ಹೊಯ್ಸಳ ಗಾಡಿ ಬರುತ್ತದೆ. ಅಡ್ಡರಸ್ತೆ, ಮುಖ್ಯರಸ್ತೆ, ಬ್ಲಾಕು, ಹತ್ತಿರದ ದೇವಸ್ಥಾನ ಅಥವಾ ಪಾರ್ಕು, ಇಷ್ಟನ್ನೂ ಹೇಳಿ. ನಮ್ಮ ಕಡೆ ಒಂದೇ ನಂಬರಿನ ಕ್ರಾಸು ಬ್ಲಾಕಿಗೊಂದು ಇರುವುದರಿಂದ ಬರೀ ಕ್ರಾಸ್ ನಂಬರ್ ಹೇಳಿದರೆ ಗಾಡಿ ಸುತ್ತುತ್ತಲೇ ಇರುತ್ತದೆ.

ಬೆಳಕಾದ ಮೇಲೆ ಮುಟ್ಟದೆ ಫೋಟೋ ತೆಗೆಯಿರಿ: ಕೊಂಡಿ, ಬೀಗ, ಶಟರಿನ ಅಂಚು, ಕಾಂಪೌಂಡಿನ ಮೇಲಿನ ಉಜ್ಜಿದ ಗುರುತು, ಹಿಂದಿನ ಕನ್ಸರ್ವೆನ್ಸಿ ಓಣಿಯ ನೆಲ. ಬಿದ್ದ ಬೀಗವನ್ನು ಎತ್ತಿ ನೋಡಬೇಡಿ. ಬೆರಳಚ್ಚಿನವರು ಬರುವವರೆಗೆ ಅದು ಬಿದ್ದಲ್ಲೇ ಇರಲಿ.

ಕ್ಯಾಮೆರಾ ಇದ್ದರೆ, ಎದುರು ಮನೆಯಲ್ಲೋ ಮೂಲೆಯ ಅಂಗಡಿಯಲ್ಲೋ ಇದ್ದರೂ, ಅದೇ ದಿನ ಕೇಳಿ. ಡಿವಿಆರ್‌ನ ಹಾರ್ಡ್ ಡಿಸ್ಕ್ ತುಂಬಿದಂತೆ ಹಳೆಯದರ ಮೇಲೆ ಹೊಸದು ಬರೆದುಕೊಳ್ಳುತ್ತದೆ. ಅದಕ್ಕೆ ನಿಮ್ಮ ಕಷ್ಟ ಗೊತ್ತಿಲ್ಲ. ಪರದೆಯ ಮೇಲಿನ ಗಡಿಯಾರವನ್ನು ನಿಮ್ಮ ಫೋನಿನ ಸಮಯದ ಜೊತೆ ಹೋಲಿಸಿ, ಎಷ್ಟು ನಿಮಿಷ ಹೆಚ್ಚು ಕಡಿಮೆ ಎಂದು ಬರೆದಿಟ್ಟುಕೊಳ್ಳಿ. ತುಣುಕನ್ನು ಕತ್ತರಿಸಬೇಡಿ, ಮೇಲೆ ಬಾಣದ ಗುರುತು ಹಾಕಬೇಡಿ. ನ್ಯಾಯಾಲಯಕ್ಕೆ ಹೋಗುವಾಗ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಕಲಮಿನ ಪ್ರಕಾರ ಪ್ರಮಾಣಪತ್ರ ಬೇಕಾಗುತ್ತದೆ. ಮೂಲ ಕಡತ ಮೂಲದಂತೆಯೇ ಇರಬೇಕು.

ಠಾಣೆಯಲ್ಲಿ

"ಸೈಕಲ್ ತಾನೇ, ಹೋಗ್ಲಿ ಬಿಡಿ" ಎನ್ನಬೇಡಿ. ದೂರು ಕೊಡಿ. ಬೀಗ ಒಡೆದು ಏನೂ ಸಿಗದೆ ಹೋಗಿದ್ದರೂ ಕೊಡಿ.

ಯಾವ ಠಾಣೆ ಎಂಬ ಗೊಂದಲ ನಮ್ಮ ಕಡೆ ಜಾಸ್ತಿ. ಜಯನಗರದ ವಿಳಾಸವಿದ್ದರೂ ಕೆಲವು ರಸ್ತೆಗಳು ತಿಲಕನಗರ ಠಾಣೆಗೋ ಸಿದ್ದಾಪುರ ಠಾಣೆಗೋ ಸೇರಿರುತ್ತವೆ. ಜೆ.ಪಿ. ನಗರ ಎಂದುಕೊಂಡವರದ್ದು ಪುಟ್ಟೇನಹಳ್ಳಿ ಇರಬಹುದು. ಬಿಟಿಎಂನವರಿಗೆ ಮೈಕೋ ಲೇಔಟ್ ಅಥವಾ ಸುದ್ದಗುಂಟೆಪಾಳ್ಯ. "ಇದು ನಮ್ಮ ಲಿಮಿಟ್ಸ್ ಅಲ್ಲ" ಎಂಬ ಮಾತು ಕೇಳಿ ವಾಪಸ್ ಬರಬೇಡಿ. ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 173ನೇ ಕಲಮಿನ ಪ್ರಕಾರ ಎಲ್ಲಿ ಅಪರಾಧ ನಡೆದಿದ್ದರೂ ಯಾವ ಠಾಣೆಯಲ್ಲಾದರೂ ದೂರು ದಾಖಲಿಸಬಹುದು. ಅದನ್ನೇ ಝೀರೋ ಎಫ್‌ಐಆರ್ ಎನ್ನುವುದು. ಇಮೇಲಿನಂಥ ಮಾರ್ಗದಲ್ಲಿ ಕಳಿಸಿದರೆ 3 ದಿನದೊಳಗೆ ಹೋಗಿ ಸಹಿ ಹಾಕಬೇಕು.

ಇನ್ನು ಬಹಳ ಜನ ಬೀಳುವ ಗುಂಡಿ ಒಂದಿದೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ 5,000 ರೂಪಾಯಿಗಿಂತ ಕಡಿಮೆ ಬೆಲೆಯ ಸಾದಾ ಕಳವು ಅಸಂಜ್ಞೇಯ. ಅಂದರೆ ಪೊಲೀಸರು ತಾವಾಗಿ ತನಿಖೆಗೆ ಇಳಿಯುವಂತಿಲ್ಲ. ಹಳೇ ಸೈಕಲ್ಲಿಗೆ ಬೆಲೆ ಎಷ್ಟು ಎಂದು ಕೇಳಿ, ಒಂದು ಹಿಂಬರಹ ಕೊಟ್ಟು ಕಳಿಸುವುದು ಇಲ್ಲೇ. ಆದರೆ ನಿಮ್ಮಲ್ಲಿ ನಡೆದದ್ದು ಸಾದಾ ಕಳವಲ್ಲ. ರಸ್ತೆಯಲ್ಲಿ ನಿಲ್ಲಿಸಿದ್ದ ಸೈಕಲ್ ಹೋಗುವುದೇ ಬೇರೆ, ಬೀಗ ಒಡೆದು ಒಳಗೆ ಬಂದು ಒಯ್ಯುವುದೇ ಬೇರೆ. ಭಾರತೀಯ ನ್ಯಾಯ ಸಂಹಿತೆಯ 305ನೇ ಕಲಮು ವಾಸದ ಕಟ್ಟಡವನ್ನಷ್ಟೇ ಹೇಳುವುದಿಲ್ಲ. ಸ್ವತ್ತು ಕಾಪಾಡಲು ಬಳಸುವ ಕಟ್ಟಡವನ್ನೂ ಹೇಳುತ್ತದೆ. ನಿಮ್ಮ ಕಾರ್ ಶೆಡ್ಡು ಅದರೊಳಗೆ ಬರುತ್ತದೆ. ಇದಕ್ಕೆ 7 ವರ್ಷದವರೆಗೆ ಶಿಕ್ಷೆ. ಸೂರ್ಯಾಸ್ತದ ನಂತರ, ಸೂರ್ಯೋದಯಕ್ಕೆ ಮುಂಚೆ ಕಳವಿಗಾಗಿ ಕನ್ನ ಹಾಕಿದ್ದರೆ 331ನೇ ಕಲಮಿನಲ್ಲಿ 14 ವರ್ಷದವರೆಗೂ ಹೋಗಬಹುದು. ಹಳೆಯ ಐಪಿಸಿಯಲ್ಲಿ ಇವೇ 380 ಮತ್ತು 457. ಆದ್ದರಿಂದ ದೂರಿನ ಮೊದಲ ಸಾಲಿನಲ್ಲೇ "ಬೀಗ ಮುರಿದು ಒಳಗೆ ಪ್ರವೇಶಿಸಿ" ಎಂದು ಬರೆಯಿರಿ. ಸೈಕಲ್ಲಿನ ಬೆಲೆ ಆಮೇಲೆ ಬರಲಿ.

ರಾತ್ರಿ ಎಷ್ಟು ಗಂಟೆಗೆ ಬೀಗ ಹಾಕಿದಿರಿ, ಬೆಳಿಗ್ಗೆ ಎಷ್ಟಕ್ಕೆ ನೋಡಿದಿರಿ, ಆ ಎರಡು ಹೊತ್ತನ್ನೂ ಬರೆಯಿರಿ. ಕನ್ನಡದಲ್ಲೇ ಬರೆಯಿರಿ, ಎಫ್‌ಐಆರ್‌ನ ಪ್ರತಿಯನ್ನು ಹಣ ಕೊಡದೆ, ಆಗಲೇ ಪಡೆಯುವುದು ನಿಮ್ಮ ಹಕ್ಕು. ನಿರಾಕರಿಸಿದರೆ ಡಿಸಿಪಿಯವರಿಗೆ ಲಿಖಿತವಾಗಿ ಅಂಚೆಯಲ್ಲಿ ಕಳಿಸಿ, ಅಲ್ಲೂ ಆಗದಿದ್ದರೆ ಮ್ಯಾಜಿಸ್ಟ್ರೇಟರ ಬಳಿ ಹೋಗಬಹುದು. ತನಿಖೆ ಎಲ್ಲಿಗೆ ಬಂತೆಂದು 90 ದಿನದೊಳಗೆ ನಿಮಗೆ ತಿಳಿಸಬೇಕೆಂದೂ ಕಾನೂನಿದೆ. ಕೇಳಲು ಸಂಕೋಚಪಡಬೇಡಿ.

ಪೊಲೀಸರ ಇ-ಲಾಸ್ಟ್‌ನಲ್ಲಿ ಹಾಕಿ ಮುಗಿಸಬೇಡಿ. ಅದು ಕಳೆದುಹೋದ ವಸ್ತುಗಳಿಗೆ. ಕಳವನ್ನು "ಕಳೆದುಹೋಗಿದೆ" ಎಂದು ನೀವೇ ಬರೆದುಕೊಟ್ಟರೆ ಅಪರಾಧವೇ ನಡೆದಿಲ್ಲ ಎಂದು ಒಪ್ಪಿಕೊಂಡಂತೆ.

ಗಾಡಿಯೇ ಹೋಗಿದ್ದರೆ ವಿಮೆಯವರಿಗೆ ಅಂದೇ ತಿಳಿಸಿ, ಎರಡೂ ಮೂಲ ಕೀಲಿ ಜೋಪಾನ ಮಾಡಿ, ಅವನ್ನು ಕೇಳಿಯೇ ಕೇಳುತ್ತಾರೆ. ಎಫ್‌ಐಆರ್ ಕೂಡಲೇ ಆಗಿದ್ದರೆ, ವಿಮಾ ಕಂಪನಿಗೆ ತಿಳಿಸುವುದು ತಡವಾಯಿತೆಂಬ ಒಂದೇ ಕಾರಣಕ್ಕೆ ಪರಿಹಾರ ನಿರಾಕರಿಸಬಾರದೆಂದು ಸುಪ್ರೀಂ ಕೋರ್ಟ್ 2020ರಲ್ಲಿ ಹೇಳಿದೆ. ಪತ್ತೆಯಾಗದಿದ್ದರೆ ಠಾಣೆಯಿಂದ ಸಿ ರಿಪೋರ್ಟ್ ಪಡೆಯಿರಿ. ಸಿಲಿಂಡರ್ ಹೋಗಿದ್ದರೆ ಗ್ಯಾಸ್ ಏಜೆನ್ಸಿಗೆ ತಿಳಿಸಿ.

ಯಾರ ಮೇಲೂ ಬೆರಳು ತೋರಿಸಬೇಡಿ

ಇದನ್ನು ಕಟ್ಟುನಿಟ್ಟಾಗಿ ಹೇಳುತ್ತೇನೆ, ಏಕೆಂದರೆ ನಾವೇ ಇದರಲ್ಲಿ ತಪ್ಪಿದೆವು.

ಕಳ್ಳತನವಾದ ಮರುದಿನ ನಮ್ಮ ಮನೆಯಲ್ಲಿ ಯಾರೂ ಬಾಯಿಬಿಟ್ಟು ಏನೂ ಅನ್ನಲಿಲ್ಲ. ಆದರೆ ಅಮ್ಮ ಬೀರುವಿನ ಕೀಲಿಯನ್ನು ಸೆರಗಿಗೆ ಕಟ್ಟಿಕೊಂಡರು. ಕೆಲಸದವರು ಪಾತ್ರೆ ತೊಳೆಯುವಾಗ ನಾನು ಅಡುಗೆಮನೆ ಬಾಗಿಲಲ್ಲಿ ಸುಮ್ಮನೆ ನಿಂತೆ. ಏಳು ವರ್ಷದಿಂದ ನಮ್ಮಲ್ಲಿ ಕೆಲಸ ಮಾಡುತ್ತಿದ್ದ ಹೆಣ್ಣುಮಗಳು, ಕೆಲಸ ಮುಗಿಸಿ ಹೊರಟವರು, ಗೇಟಿನ ಹತ್ತಿರ ನಿಂತು ತಮ್ಮ ವೈರ್ ಬುಟ್ಟಿಯನ್ನು ನನ್ನ ಮುಂದೆ ತೆರೆದು ಹಿಡಿದರು. ಒಂದು ಟಿಫನ್ ಡಬ್ಬಿ, ಮಡಿಚಿದ ಟವೆಲ್ಲು, ಬಸ್ ಟಿಕೆಟ್‌ಗಳು. "ನೋಡ್ಕೊಂಬಿಡಿ ಅಕ್ಕಾ" ಅಂದರು. ನಾವು ಕೇಳಿರಲಿಲ್ಲ. ಕೇಳಿದ್ದಕ್ಕಿಂತ ಕೆಟ್ಟದ್ದನ್ನು ಮಾಡಿದ್ದೆವು.

ಮನೆಕೆಲಸದವರು, ಪಕ್ಕದ ಕಟ್ಟಡದ ಕೂಲಿಯವರು, ನೇಪಾಳಿ ವಾಚ್‌ಮನ್, ಪಾರ್ಸೆಲ್ ತರುವ ಹುಡುಗರು: ಬಡವರೆಂಬ ಕಾರಣಕ್ಕೆ, ಹೊರಗಿನವರೆಂಬ ಕಾರಣಕ್ಕೆ ಅನುಮಾನ ಹೋಗಿ ನಿಲ್ಲುವುದು ಇವರ ಮೇಲೆ. ನಿಮಗೆ ಆಧಾರವಿದ್ದರೆ ತನಿಖಾಧಿಕಾರಿಗೆ ಹೇಳಿ, ಅವರಿಗೆ ಮಾತ್ರ ಹೇಳಿ. ಮನೆಯಲ್ಲಿ ವಿಚಾರಣೆ ನಡೆಸಬೇಡಿ. ಚೀಲ ತಡಕಬೇಡಿ. ಸಂಬಳ ಹಿಡಿಯಬೇಡಿ.

ರಾತ್ರಿ ಎರಡಕ್ಕೆ ರಸ್ತೆಯಲ್ಲಿ ನಡೆದುಹೋದ ಯಾರದೋ ಮುಖವನ್ನು "ಈ ಕಳ್ಳನನ್ನು ಗುರುತಿಸಿ" ಎಂದು ವಾಟ್ಸಾಪಿನಲ್ಲಿ ಹಾಕಬೇಡಿ. 2018ರ ಮೇ ತಿಂಗಳಲ್ಲಿ ನಮಗೆ ದೂರವೇನಲ್ಲದ ಚಾಮರಾಜಪೇಟೆಯಲ್ಲಿ, ಮೊಬೈಲಿನಲ್ಲಿ ಹರಿದಾಡಿದ ಮಕ್ಕಳ ಕಳ್ಳರ ವದಂತಿಯನ್ನು ನಂಬಿದ ಜನ, ಕೆಲಸ ಹುಡುಕಿ ರಾಜಸ್ಥಾನದಿಂದ ಬಂದಿದ್ದ ಯುವಕನನ್ನು ಹೊಡೆದು ಕೊಂದರು. ಆತ ಯಾವ ಮಗುವನ್ನೂ ಮುಟ್ಟಿರಲಿಲ್ಲ. ಹಾಗೆ ಹೊಡೆದವರಲ್ಲೂ ತಮ್ಮ ಮಕ್ಕಳ ಬಗ್ಗೆ ನಿಜವಾದ ಭಯವಿದ್ದಿರಬಹುದು. ಆ ಭಯ ಒಂದು ಜೀವ ತೆಗೆಯಿತು.

ಸಿಕ್ಕಿಬಿದ್ದವನನ್ನೂ ಕಂಬಕ್ಕೆ ಕಟ್ಟಬೇಡಿ, ಹೊಡೆಯಬೇಡಿ. ಹಿಡಿದು ಪೊಲೀಸರಿಗೆ ಒಪ್ಪಿಸಿ. ಆತ್ಮರಕ್ಷಣೆಯ ಹಕ್ಕು ಇದೆ, ಆದರೆ ಅಗತ್ಯಕ್ಕಿಂತ ಹೆಚ್ಚು ಹಾನಿ ಮಾಡುವ ಹಕ್ಕಿಲ್ಲ. ಗೇಟಿಗೆ, ಕಾಂಪೌಂಡ್ ತಂತಿಗೆ ಕರೆಂಟು ಹರಿಸುವ ಯೋಚನೆಯನ್ನಂತೂ ತಲೆಯಿಂದ ತೆಗೆದುಹಾಕಿ. ಮೊದಲು ಅದನ್ನು ಮುಟ್ಟುವುದು ಹಾಲಿನ ಹುಡುಗನೋ ಚೆಂಡು ಹುಡುಕಿ ಬಂದ ಮಗುವೋ ಆಗಿರುತ್ತದೆ.

ಶೆಡ್ಡು

ಕಳ್ಳರು ಸಾಮಾನ್ಯವಾಗಿ ಬೀಗವನ್ನು ಒಡೆಯುವ ಗೋಜಿಗೆ ಹೋಗುವುದಿಲ್ಲ. ಸಲಾಕೆ ಹಾಕಿ ಕೊಂಡಿಯನ್ನೇ ಎಬ್ಬಿಸುತ್ತಾರೆ. ನಮ್ಮಲ್ಲಿ ಬೀಗ ಗಟ್ಟಿಯಾಗಿಯೇ ಇತ್ತು, ಅರ್ಧ ಇಂಚಿನ ನಾಲ್ಕು ಸ್ಕ್ರೂ ಮರದಿಂದ ಕಿತ್ತು ಬಂದಿತ್ತು. ದುಬಾರಿ ಬೀಗಕ್ಕೆ ಹಣ ಸುರಿಯಬೇಡಿ. ಕೊಂಡಿಯನ್ನು ಆಚೆಯಿಂದ ಈಚೆಗೆ ಬೋಲ್ಟ್ ತೂರಿಸಿ, ಒಳಗಡೆ ನಟ್ ಬಿಗಿಸಿ. ಶಟರಾದರೆ ಎರಡೂ ಬದಿಗೆ ಬೀಗ ಹಾಕಿ.

1948ರಲ್ಲಿ ಶುರುವಾದ ಜಯನಗರದ ಹಳೆಯ ಮನೆಗಳಲ್ಲಿ ಶೆಡ್ಡಿನಿಂದ ಮನೆಯೊಳಕ್ಕೋ ಹಿತ್ತಲಿಗೋ ಒಂದು ಬಾಗಿಲು ಇರುತ್ತದೆ. ಮುಂಬಾಗಿಲಿಗೆ ತೇಗ, ಇದಕ್ಕೆ ಪ್ಲೈವುಡ್ಡು. ಶೆಡ್ಡಿನೊಳಗೆ ಹೋದವನಿಗೆ ನಿಮ್ಮದೇ ಏಣಿ, ನಿಮ್ಮದೇ ಸುತ್ತಿಗೆ ಸಿಗುತ್ತವೆ, ಆಮೇಲೆ ಅವನಿಗೆ ಸಮಯವೂ ಇರುತ್ತದೆ. ಈ ಬಾಗಿಲನ್ನು ಮುಂಬಾಗಿಲಿನಷ್ಟೇ ಭದ್ರ ಮಾಡಿ, ಅದೂ ಈ ವಾರವೇ.

ಕೀಲಿಯನ್ನು ಮೀಟರ್ ಬೋರ್ಡಿನ ಮೇಲೆ, ಶೂ ಸ್ಟ್ಯಾಂಡಿನಲ್ಲಿ, ತುಳಸಿ ಕಟ್ಟೆಯ ಹಿಂದೆ ಇಡಬೇಡಿ. ಇಡೀ ಬೆಂಗಳೂರು ಇಡುವುದು ಅಲ್ಲೇ.

ಒಮ್ಮೆ ಕಳ್ಳತನವಾದ ಮನೆಗೆ ಮತ್ತೆ ಆಗುವ ಸಾಧ್ಯತೆ ಹೆಚ್ಚು, ಅದೂ ಬೇಗ. ಇಂಗ್ಲೆಂಡಿನ ರೋಚ್‌ಡೇಲ್‌ನ ಕರ್ಕೋಲ್ಟ್ ಎಂಬ ಬಡಾವಣೆಯಲ್ಲಿ 1980ರ ದಶಕದಲ್ಲಿ ಇದನ್ನು ಕಂಡುಕೊಂಡವರು, ಕಳ್ಳತನವಾದ ಪ್ರತಿ ಮನೆಯ ಸುತ್ತಲಿನ ಐದಾರು ಮನೆಯವರನ್ನು ಆ ಒಂದು ಮನೆ ನೋಡಿಕೊಳ್ಳಲು ಒಪ್ಪಿಸಿದರು. ಬೀಗಗಳನ್ನು ಭದ್ರ ಮಾಡಿದರು, ಕಳ್ಳರನ್ನು ಸೆಳೆಯುತ್ತಿದ್ದ ನಾಣ್ಯದ ಮೀಟರುಗಳನ್ನು ತೆಗೆಸಿದರು. ಮೂರು ವರ್ಷದಲ್ಲಿ ಅಲ್ಲಿನ ಮನೆಗಳವು ಕಾಲು ಭಾಗಕ್ಕೆ ಇಳಿಯಿತು. ವಠಾರದಲ್ಲಿ ಬೆಳೆದವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಿಲ್ಲ. ಎದುರು ಮನೆ, ಎರಡು ಪಕ್ಕದ ಮನೆ, ಕನ್ಸರ್ವೆನ್ಸಿಗೆ ಬೆನ್ನು ಮಾಡಿರುವ ಹಿಂದಿನ ಮನೆ: ಈ ನಾಲ್ವರ ನಂಬರ್ ನಿಮ್ಮ ಫೋನಿನಲ್ಲಿ ಇರಲೇಬೇಕು. ಊರಿಗೆ ಹೋಗುವಾಗ ಇವರಿಗೂ ಠಾಣೆಗೂ ತಿಳಿಸಿ. ಹಾಲು, ಪೇಪರು ನಿಲ್ಲಿಸಿ. ಮೂರು ದಿನ ರಂಗೋಲಿ ಕಾಣದ ಬಾಗಿಲು ನಮ್ಮ ರಸ್ತೆಗಳಲ್ಲಿ ಬೀಗದ ಮನೆ ಎಂದು ಸಾರುತ್ತದೆ. ಪಕ್ಕದವರಿಗೆ ಎರಡು ಎಳೆ ಎಳೆಯಲು ಹೇಳಿ ಹೋಗಿ.

ಆ ರಾತ್ರಿಗಳು

ಹೋದದ್ದು ಸಣ್ಣದಾದರೂ ನಿದ್ದೆ ಹೋಗುತ್ತದೆ. ಅಮ್ಮ ಹದಿನೆಂಟು ರಾತ್ರಿ ದೀಪ ಆರಿಸದೆ ಹಾಲ್‌ನಲ್ಲಿ ಮಲಗಿದರು. ಸಂಪಿಗೆ ಕಾವೇರಿ ನೀರು ಬೀಳುವ ಸದ್ದಿಗೂ ಎದ್ದು ಕೂರುತ್ತಿದ್ದರು. ನಾಲ್ಕು ಸಲ ಎದ್ದು ಚಿಲಕ ಮುಟ್ಟಿ ನೋಡುತ್ತಿದ್ದರು. "ಅಷ್ಟಕ್ಕೆಲ್ಲ ಯಾಕಮ್ಮ ಹೆದರ್ತೀರಾ" ಎಂದು ನಾನು ಅಂದದ್ದುಂಟು. ನೀವು ಅನ್ನಬೇಡಿ. ಅಪರಿಚಿತನೊಬ್ಬ ನಾವು ಮಲಗಿದ್ದಾಗ ನಮ್ಮ ಗೋಡೆಯ ಆಚೆ ನಿಂತಿದ್ದ ಎಂಬುದು ಸಣ್ಣ ಮಾತಲ್ಲ.

ನಮಗೆ ಕೆಲಸಕ್ಕೆ ಬಂದದ್ದು ಇದು: ರಾತ್ರಿ ಹತ್ತೂವರೆಗೆ ಇಬ್ಬರೂ ಸೇರಿ ಒಂದು ಸುತ್ತು. ಶಟರು, ಹಿಂಬಾಗಿಲು, ಗೇಟು. ನೋಡಿದ್ದನ್ನು ಒಂದು ಪುಸ್ತಕದಲ್ಲಿ ಹೊತ್ತು ಸಮೇತ ಅಮ್ಮನೇ ಬರೆಯುವುದು. ನಡುರಾತ್ರಿ ಎಚ್ಚರವಾದರೆ ಎದ್ದು ಚಿಲಕ ಮುಟ್ಟುವ ಬದಲು ಆ ಪುಸ್ತಕ ನೋಡುವುದು. ಮಕ್ಕಳಿದ್ದರೆ ಅವರಿಂದ ಮುಚ್ಚಿಡಬೇಡಿ. ಏನಾಯಿತು, ಈಗ ಏನು ಸರಿಮಾಡಿದ್ದೇವೆ ಎಂದು ತೋರಿಸಿ.

ತಿಂಗಳಾದರೂ ನಿದ್ದೆ ಬಾರದಿದ್ದರೆ, ಮನೆಯಲ್ಲಿ ಒಬ್ಬರೇ ಇರಲು ಆಗದಿದ್ದರೆ ಸಹಾಯ ಪಡೆಯಿರಿ. ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗಲಾದರೂ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡಬಹುದು, ಖರ್ಚಿಲ್ಲ. ಬಿಟಿಎಂ ಲೇಔಟಿನಲ್ಲಿ ನಿಮ್ಹಾನ್ಸಿನ ಸೆಂಟರ್ ಫಾರ್ ವೆಲ್‌ಬೀಯಿಂಗ್ ಇದೆ. ಮಕ್ಕಳು ಹೊರದೇಶದಲ್ಲಿದ್ದು ಒಂಟಿಯಾಗಿರುವ ಹಿರಿಯರಿಗೆ 1090, ನಗರ ಪೊಲೀಸರೂ ನೈಟಿಂಗೇಲ್ಸ್ ಮೆಡಿಕಲ್ ಟ್ರಸ್ಟೂ ಸೇರಿ 2002ರಿಂದ ನಡೆಸುತ್ತಿರುವ ಸಹಾಯವಾಣಿ. ಈ ಮೂರು ನಂಬರನ್ನು, 112, 1090, 14416, ದಪ್ಪ ಅಕ್ಷರದಲ್ಲಿ ಬರೆದು ಫೋನಿನ ಹತ್ತಿರ ಅಂಟಿಸಿ.

ಅಂದು ಹೋದ ನಮ್ಮ ಸೈಕಲ್ ಸಿಕ್ಕಿಲ್ಲ. ಅದರ ಚೌಕಟ್ಟಿನ ಸಂಖ್ಯೆ ನಮ್ಮ ಹತ್ತಿರ ಇರಲಿಲ್ಲ, ಹಾಗಾಗಿ ಸಿಕ್ಕಿದ್ದರೂ ಅದು ನಮ್ಮದೆಂದು ಹೇಳಲು ಆಗುತ್ತಿರಲಿಲ್ಲ. ಇವತ್ತು ಸಂಜೆ ದೀಪ ಹಚ್ಚುವ ಮುಂಚೆ ನಿಮ್ಮ ಮಗುವಿನ ಸೈಕಲ್ಲನ್ನು ತಲೆಕೆಳಗೆ ಮಾಡಿ. ಪೆಡಲಿನ ಅಚ್ಚಿನ ಕೆಳಗೆ ಕೊರೆದ ಸಂಖ್ಯೆ ಇರುತ್ತದೆ. ಬರೆದಿಟ್ಟುಕೊಳ್ಳಿ.