ಮೋಚಿ ಮುದ್ದೆಯಲ್ಲ

ಹೂಡಿ, ವೈಟ್‌ಫೀಲ್ಡ್ ಕಡೆಯ ಗೆಳೆಯರೇ, ಜಪಾನಿ ಚಹಾ-ತಿಂಡಿ ಸವಿಯಲು ಹೊರಟಿದ್ದೀರಾ? ಹೋಗಿ ಬನ್ನಿ. ಸಸ್ಯಾಹಾರಿಗಳು ಮಾತ್ರ, ಮೀನಿನ ತುಂಡು ಕಾಣಲಿಲ್ಲವೆಂದು ಮಿಸೋ ಸೂಪಿಗೆ ಬಾಯಿಡಬೇಡಿ. ಅದರ ತಳದ ಸಾರು ‘ದಾಶಿ’ಯನ್ನು ಸಾಮಾನ್ಯವಾಗಿ ಒಣಮೀನಿನಿಂದ ತೆಗೆಯುತ್ತಾರೆ. “ವೆಜ್ ತಾನೇ?” ಅಂದರೆ ಸಾಲದು, “ದಾಶಿ ಯಾವುದರದ್ದು?” ಎಂದೇ ಕೇಳಿ. ಬರೀ ಕಡಲಪಾಚಿಯದ್ದಾದರೆ ಚಿಂತೆಯಿಲ್ಲ.

ಸಿಹಿಯೊಳಗಿನ ‘ಅಂಕೊ’ ಕೆಂಪು ಕಾಳಿನ ಹೂರಣ, ನಮ್ಮ ಹೋಳಿಗೆಯ ನೆಂಟನೇ. ಆದರೆ ಅಂಟಂಟಾದ ಅಕ್ಕಿಯ ತಿನಿಸು ಮೋಚಿಯನ್ನು ರಾಗಿಮುದ್ದೆಯಂತೆ ನುಂಗೀರಿ, ಜೋಕೆ! ಜಪಾನಿನಲ್ಲೇ ಹೊಸವರ್ಷದ ಹೊತ್ತಿಗೆ ಅದು ಗಂಟಲಿಗೆ ಸಿಕ್ಕಿ ವೃದ್ಧರು ಸಾಯುವುದುಂಟು. ಚೂರುಚೂರೇ ಕಚ್ಚಿ, ಚೆನ್ನಾಗಿ ಅಗಿಯಿರಿ. ಸಿಹಿ ಮೊದಲು, ಕಹಿ ಹಸಿರು ಚಹಾ ‘ಮಾಚಾ’ ಆಮೇಲೆ; ಅದಕ್ಕೇ ಅದರಲ್ಲಿ ಸಕ್ಕರೆಯಿಲ್ಲ. ಸಂಜೆ ಕಾಫಿ ಕುಡಿದರೆ ನಿದ್ದೆ ಬಾರದವರು ಮಾಚಾವನ್ನೂ ಮಧ್ಯಾಹ್ನದೊಳಗೇ ಮುಗಿಸಿ.